ಗೂಡ್ಸ್ ಗಾಡಿ ನಿಂತ ರಾತ್ರಿ

ಇಂಗ್ಲೆಂಡಿನ ಯಾರ್ಕ್ ಊರಿನ ರೈಲ್ವೆ ಮ್ಯೂಸಿಯಮ್ಮಿನೊಳಗೆ ಕಾಲಿಟ್ಟವನು ಮೊದಲು ಮಾಡಿದ್ದು, ಎದುರಿಗಿದ್ದ ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟಿದ್ದು. ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಅಷ್ಟು ದೊಡ್ಡ ಇಂಜಿನ್ನು ತಣ್ಣಗಿರುವುದನ್ನು ನನ್ನ ಕೈ ಒಪ್ಪಲಿಲ್ಲ. ಮತ್ತೊಮ್ಮೆ ಮುಟ್ಟಿ ನೋಡಿದೆ.

“ಯಾಕಣ್ಣಾ, ಜ್ವರ ನೋಡ್ತಿದ್ದೀಯಾ?” ಅಂದಳು ತಂಗಿ.

ಅವಳು ಲೀಡ್ಸಿನ ಆಸ್ಪತ್ರೆಯೊಂದರಲ್ಲಿ ನರ್ಸು. 2023ರ ಬೇಸಿಗೆ ರಜೆಯಲ್ಲಿ ಟಿಕೆಟ್ ಕಳಿಸಿ ನನ್ನನ್ನು ಕರೆಸಿಕೊಂಡಿದ್ದಳು. ಏನು ನೋಡಬೇಕು ಹೇಳು ಎಂದು ಕೇಳಿದಾಗ ನಾನು ಅರಮನೆ, ಗಡಿಯಾರದ ಗೋಪುರ ಯಾವುದನ್ನೂ ಹೇಳದೆ, “ಹೊಗೆ ಬಿಡೋ ಇಂಜಿನ್ ಎಲ್ಲಾದ್ರೂ ಇದ್ರೆ ತೋರ್ಸವ್ವ” ಅಂದಿದ್ದೆ. ಲೀಡ್ಸಿನಿಂದ ಯಾರ್ಕಿಗೆ ರೈಲಿನಲ್ಲಿ ಅರ್ಧ ಗಂಟೆಯಷ್ಟೇ. ಇಂಜಿನ್‌ಗಳನ್ನು ನಿಲ್ಲಿಸುತ್ತಿದ್ದ ಹಳೆಯ ಶೆಡ್ಡನ್ನೇ 1975ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ನಡುವೆ ಇಂಜಿನ್ ತಿರುಗಿಸುವ ದುಂಡು ಮೇಜು. ಅದರ ಸುತ್ತ ಮುಖ ಒಳಗೆ ಮಾಡಿ ನಿಂತ ಇಂಜಿನ್‌ಗಳು ಕಣದ ಮೇಟಿಯ ಸುತ್ತ ನಿಂತ ಎತ್ತುಗಳ ಹಾಗೆ ಕಂಡವು.

ಅಲ್ಲಿ ಎಲ್ಲರೂ ಮುಗಿಬಿದ್ದು ನೋಡುವುದು ‘ಮಲ್ಲಾರ್ಡ್’ ಎಂಬ ನೀಲಿ ಇಂಜಿನ್ನನ್ನು. 1938ರ ಜುಲೈ 3ರಂದು ಅದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗದಲ್ಲಿ ಓಡಿತ್ತು. ಹಬೆ ಇಂಜಿನ್‌ಗಳ ಪೈಕಿ ಆ ದಾಖಲೆ ಇನ್ನೂ ಅದರ ಹೆಸರಿನಲ್ಲೇ ಇದೆ. ತಂಗಿ ಅದನ್ನು ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ಕೇಳಿದಳು: “ಅಣ್ಣಾ, ನಾನು ಹುಟ್ಟಿದಾಗ ಇಂಜಿನ್ನಿನ ಬಿಸಿನೀರಲ್ಲಿ ಮೀಸಿದ್ರು ಅಂತ ಎಲ್ಲಾ ಹೇಳ್ತೀರಲ್ಲ. ಇದರಲ್ಲಿ ನಲ್ಲಿ ಎಲ್ಲಿದೆ? ತೋರ್ಸು.”

ನನಗೆ ತೋರಿಸಲಾಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಹಬೆಯ ಶಕ್ತಿಯ ಪಾಠ ಹೇಳಿದವನು ನಾನು. ನಮ್ಮ ಮನೆಯಲ್ಲಿ ನೂರು ಸಲ ಹೇಳಿದ ಕಥೆಗೆ ಒಂದು ನಲ್ಲಿ ಬೇಕು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

*

ಅಪ್ಪ ಗೇಟ್‌ಮನ್. ಪಾಂಡವಪುರ ಸ್ಟೇಷನ್ನಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಕಬ್ಬಿನ ಗದ್ದೆಗಳ ಮಧ್ಯೆ ಒಂದು ಲೆವೆಲ್ ಕ್ರಾಸಿಂಗು, ಅದರ ಪಕ್ಕ ಒಂದೂವರೆ ಕೋಣೆಯ ಗೇಟುಮನೆ. ಬಡಗಣಕ್ಕೆ ಕುಂತಿಬೆಟ್ಟ, ತೆಂಕಲಿಗೆ ಕರಿಘಟ್ಟ. ನಾನು ಹುಟ್ಟಿದ್ದು 1970ರಲ್ಲಿ, ಕಣ್ಣು ಬಿಟ್ಟು ಲೋಕ ನೋಡಿದ್ದು ಆ ಗೇಟಿನ ಕಂಬಿಯ ಸಂದಿಯಿಂದ.

ಆ ಹಳಿ ಬರಗಾಲದ ಹಳಿ ಎಂದು ಅಪ್ಪ ಹೇಳುತ್ತಿದ್ದ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರದ ಬರ ಮೈಸೂರು ಸೀಮೆಯ ಊರೂರನ್ನೇ ಬರಿದು ಮಾಡಿದ ಮೇಲೆ, ಹೊಟ್ಟೆಗಿಲ್ಲದವರಿಗೆ ಕೆಲಸವೂ ಆಗಲಿ, ಮುಂದೆ ಕಾಳುಕಡ್ಡಿ ಸಾಗಿಸಲು ದಾರಿಯೂ ಆಗಲಿ ಎಂದು ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಹಾಕಿದರು. 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. ನಮ್ಮ ಸ್ಟೇಷನ್ನಿಗೆ ಆಗ ಪಾಂಡವಪುರ ಎಂಬ ಹೆಸರಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳ ಊರೆಂದು ‘ಫ್ರೆಂಚ್ ರಾಕ್ಸ್’ ಅನ್ನುತ್ತಿದ್ದರು. ಹಳಬರ ಬಾಯಲ್ಲಿ ಅದು ಹಿರೋಡೆ. ಕಬ್ಬು ಬಂದದ್ದು ಹಳಿಗಿಂತ ಎಷ್ಟೋ ಆಮೇಲೆ. ಕೆ.ಆರ್.ಎಸ್. ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರುತ್ತ ಎರಡು ದಶಕ ನಡೆಯಿತು. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದವು. ನಮ್ಮ ಗೇಟಿಗೆ ಕೆಲಸ ಹೆಚ್ಚಿದ್ದು ಆ ನೀರಿನಿಂದ. ಕಾರ್ಖಾನೆಗೆ ಕಬ್ಬು ಹೊತ್ತ ಎತ್ತಿನ ಗಾಡಿಗಳು ಹಗಲೂ ರಾತ್ರಿ ಗೇಟು ದಾಟುತ್ತಿದ್ದವು.

ಗೇಟಿನ ಎರಡೂ ಕಡೆ ದೂರದಲ್ಲಿ ಒಂದೊಂದು ಕೈಮರ. ಗೇಟು ಹಾಕಿ ಬೀಗ ಬಿದ್ದ ಮೇಲೆಯೇ ಕೈಮರ ಇಳಿಯುತ್ತಿತ್ತು. ಇಳಿದರೆ ಗಾಡಿಗೆ ದಾರಿ ಇದೆ ಎಂದರ್ಥ. ಇಳಿಯದಿದ್ದರೆ ಡ್ರೈವರು ಕೈಮರದ ಹತ್ತಿರ ನಿಲ್ಲಿಸಬೇಕು. ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾದು, ಕೂಗು ಹಾಕಿ, ಮೆಲ್ಲಗೆ ಗೇಟಿನವರೆಗೆ ಬಂದು ಗೇಟ್‌ಮನ್ ಏನು ತೋರಿಸುತ್ತಾನೆ ನೋಡಬೇಕು. ಈ ನಿಯಮವನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಗೋಡೆಯ ಗೂಡಿನಲ್ಲಿ ಹಸಿರು ಕೆಂಪು ಗಾಜಿನ ಕೈದೀಪ, ಮಡಚಿಟ್ಟ ಬಾವುಟಗಳು, ಅದರ ಪಕ್ಕ ದಪ್ಪ ರಟ್ಟಿನ ಒಂದು ಬುಕ್ಕು. ಯಾವ ಗಾಡಿ ಎಷ್ಟು ಗಂಟೆಗೆ ಹೋಯಿತು, ಗೇಟು ಎಷ್ಟಕ್ಕೆ ಹಾಕಿದ್ದು, ಎಷ್ಟಕ್ಕೆ ತೆಗೆದದ್ದು, ತಡವಾಗಿದ್ದರೆ ಯಾಕೆ, ಎಲ್ಲವನ್ನೂ ಅಪ್ಪ ಅದರಲ್ಲಿ ಬರೆಯುತ್ತಿದ್ದ. ಮೂರನೇ ಕ್ಲಾಸು ಓದಿದ ಕೈ. ಅಕ್ಷರ ಒಂದೊಂದೂ ಬಿಡಿಬಿಡಿ. ಒಮ್ಮೆ ನಾನು ಗಾಡಿ ಬಂದ ಹೊತ್ತನ್ನು ಅಂದಾಜಿನ ಮೇಲೆ ಹೇಳಿದ್ದಕ್ಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. “ಈ ಬುಕ್ಕಲ್ಲಿ ಸುಳ್ಳು ಬರ್ದ್ರೆ ಎಲ್ಲೋ ಒಂದ್ಕಡೆ ಯಾರ್ದೋ ಜೀವ ಹೋಯ್ತದೆ ಕಣ್ಲಾ” ಅಂದ. ಆಮೇಲೆ ನಾನು ಗಡಿಯಾರ ನೋಡದೆ ಹೊತ್ತು ಹೇಳಿದವನಲ್ಲ.

ಇಂಜಿನ್‌ಗಳ ಜಾತಿಯನ್ನೂ ಅವನೇ ಕಲಿಸಿದ. ವೈ ಅಂದರೆ ಮೀಟರ್ ಗೇಜು. ವೈಪಿ ಅಂದರೆ ಪ್ಯಾಸೆಂಜರಿನದು, ವೈಜಿ ಅಂದರೆ ಗೂಡ್ಸಿನದು. ದೂರದ ಸದ್ದು ಕೇಳಿಯೇ ನಾನು ಯಾವುದೆಂದು ಹೇಳುತ್ತಿದ್ದೆ. ವೈಜಿ ಗಟ್ಟಿಯಾಗಿ, ನಿಧಾನವಾಗಿ, ದುಡಿಯುವ ಎತ್ತಿನ ಉಸಿರಿನ ಹಾಗೆ ಬರುತ್ತಿತ್ತು. ಅದು ಹೋದ ಮೇಲೂ ನೆಲ ಸ್ವಲ್ಪ ಹೊತ್ತು ನಡುಗುತ್ತಿತ್ತು, ನೆಲುವಿನ ಮೇಲಿನ ಮಡಕೆ ಅಲುಗುತ್ತಿತ್ತು.

*

ಊರಿನ ಮಕ್ಕಳಿಗೆ ಇಂಜಿನ್ನೆಂದರೆ ಕೂಗು ಮತ್ತು ಹೊಗೆ. ಹಳಿಯ ಪಕ್ಕದಲ್ಲಿದ್ದ ನಮಗೆ ಅದು ಒಲೆ. ಇಂಜಿನ್ನಿನ ಹೊಟ್ಟೆಯಿಂದ ಉದುರಿದ ಅರೆಬೆಂದ ಕಲ್ಲಿದ್ದಲು ಹಳಿಯುದ್ದಕ್ಕೂ ಬಿದ್ದಿರುತ್ತಿತ್ತು. ಸ್ಟೇಷನ್ನಿನಲ್ಲಿ ಎದುರುಗಾಡಿಗೆ ಕಾಯುತ್ತ ನಿಂತಾಗ ಬೂದಿ ಬಾಚಿ ಕೆಳಗೆ ಹಾಕುತ್ತಿದ್ದರು. ಆ ಬೂದಿ ಕೆದಕಿ, ಕಲ್ಲಾದ ಕಿಟ್ಟವನ್ನು ಬಿಸಾಡಿ, ಉರಿಯುವ ಚೂರನ್ನು ಮಾತ್ರ ಮಂಕ್ರಿಗೆ ತುಂಬುವುದು ಒಂದು ವಿದ್ಯೆ. ಕೈಯಲ್ಲಿ ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತಿತ್ತು. ಕಿಟ್ಟ ಹಗುರ, ತೂತುತೂತು. ಇದ್ದಿಲು ಭಾರ, ಉಜ್ಜಿದರೆ ಬೆರಳಿಗೆ ಹೊಳಪು. ಒಂದು ಮಂಕ್ರಿಗೆ ಕಾಫಿ ಹೋಟೆಲಿನವರು ನಾಲ್ಕಾಣೆ ಕೊಡುತ್ತಿದ್ದರು.

ಗೂಡ್ಸಿನ ಒಬ್ಬ ಫೈರ್‌ಮನ್ ನನ್ನನ್ನು ಗುರುತು ಹಿಡಿದಿದ್ದ. ತಲೆಗೆ ಕೆಂಪು ವಸ್ತ್ರ, ಮುಖವೆಲ್ಲ ಮಸಿ, ನಗುವಾಗ ಹಲ್ಲು ಮಾತ್ರ ಬೆಳ್ಳಗೆ. ಗೇಟಿನ ಹತ್ತಿರ ಬಂದಾಗ ಅವನು ಕಾಲಿನಿಂದ ನಾಲ್ಕೈದು ಗಟ್ಟಿ ಕಲ್ಲಿದ್ದಲನ್ನು ಕೆಳಕ್ಕೆ ದೂಡುತ್ತಿದ್ದ. ಅವು ಅರೆಬೆಂದವಲ್ಲ, ಹೊಸವು. ನಾನು ಓಡಿಹೋಗಿ ಆರಿಸಿಕೊಳ್ಳುತ್ತಿದ್ದೆ. ಒಂದು ದಿನ ಅಪ್ಪ ನೋಡಿದ. ಏನೂ ಕೇಳದೆ ಕೆನ್ನೆಗೆ ಬಿಟ್ಟ. ಮಂಕ್ರಿ ಹೊರಿಸಿ ಸ್ಟೇಷನ್ನಿನವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ಸುರಿಸಿದ. “ಬಿದ್ದದ್ದು ಬೇರೆ, ಬೀಳಿಸಿದ್ದು ಬೇರೆ. ಇದು ಲೆಕ್ಕದ್ದು” ಅಂದ. ಮನೆಗೆ ಬಂದು ಊಟ ಮಾಡಲಿಲ್ಲ ನಾನು. ಒಲೆ ಮುಂದೆ ಹಸಿ ಸೌದೆ ಊದುತ್ತಿದ್ದ ಅವ್ವನ ಕಣ್ಣೀರು ಹೊಗೆಯದೋ ನನ್ನದೋ ಗೊತ್ತಾಗಲಿಲ್ಲ. ಅಪ್ಪನಿಗೆ ನಮಗಿಂತ ಬುಕ್ಕೇ ಹೆಚ್ಚು ಎಂದು ಅವತ್ತು ತೀರ್ಮಾನಿಸಿದೆ. ಆ ತೀರ್ಮಾನ ಬಹಳ ವರ್ಷ ನನ್ನ ಜೊತೆ ಬೆಳೆಯಿತು.

ಬೇಸಿಗೆ ರಜೆಯಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಅತ್ತೆ ಮನೆಗೆ ಹೋಗುತ್ತಿದ್ದೆವು. ಮೈಸೂರಿನಲ್ಲಿ ಇಳಿದು ಅರಸೀಕೆರೆ ಗಾಡಿ ಹತ್ತಬೇಕು. ಬೆಳಗೊಳ, ಕೃಷ್ಣರಾಜಸಾಗರ ಸ್ಟೇಷನ್ನು ದಾಟಿ ಸಾಗರಕಟ್ಟೆ ಸೇತುವೆಯ ಮೇಲೆ ಬಂದಾಗ ಎರಡೂ ಕಡೆ ಹಿನ್ನೀರು. ಕಿಟಕಿಯಾಚೆ ತಲೆ ಹಾಕಿದರೆ ಇಂಜಿನ್ನಿನ ಹೊಗೆ ನೀರಿನ ಮೇಲೆ ನೆರಳಾಗಿ ಓಡುತ್ತಿತ್ತು. ಹೇಮಾವತಿ ದಡದ ಆ ಊರಿನಲ್ಲಿ ಇಳಿಯುವ ಹೊತ್ತಿಗೆ ನಮ್ಮೆಲ್ಲರ ಕಣ್ಣಲ್ಲೂ ಕಿಡಿಪುಡಿ ಬಿದ್ದು ಕೆಂಪಾಗಿರುತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಚೂಪು ಮಾಡಿ ಒಬ್ಬೊಬ್ಬರ ಕಣ್ಣಿಂದ ತೆಗೆಯುತ್ತಿದ್ದಳು.

ಇದನ್ನೆಲ್ಲ ಸವಿಯಾಗಿ ಹೇಳುವುದು ಸುಲಭ. ಹೇಳದೆ ಬಿಟ್ಟದ್ದೂ ಇದೆ. ಇಂಜಿನ್ನಿನ ಕಿಡಿ ಹಾರಿ ಗೇಟಿನ ಪಕ್ಕದ ರೈತನ ಹುಲ್ಲಿನ ಮೆದೆ ಒಂದು ಸಂಜೆ ಪೂರ್ತಿ ಉರಿದುಹೋಯಿತು. ಆ ವರ್ಷ ಅವನು ಎತ್ತು ಮಾರಿದ. ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಕೂರದ ದಿನವಿರಲಿಲ್ಲ. ನನಗೆ ಕಲ್ಲಿದ್ದಲು ದೂಡುತ್ತಿದ್ದ ಫೈರ್‌ಮನ್ ನಿಂತಾಗಲೆಲ್ಲ ಕೆಮ್ಮುತ್ತಿದ್ದ. ಮೊಣಕೈಯಿಂದ ಮುಂಗೈವರೆಗೆ ಸುಟ್ಟ ಕಲೆಗಳು ಒಂದರ ಮೇಲೊಂದು ಕೂತಿದ್ದವು. ಎದುರಿಗೆ ಸಾವಿರ ಡಿಗ್ರಿ ದಾಟಿದ ಉರಿ, ಬೆನ್ನಿಗೆ ಮಳೆಗಾಳಿ. ಅವನ ಕೆಲಸ ಅದು. ನಮಗೆ ಅದು ಆಟದ ಹಾಗೆ ಕಾಣುತ್ತಿತ್ತು.

*

1980ರ ಅಕ್ಟೋಬರು, ಚಿತ್ತೆ ಮಳೆ. ಅವ್ವ ತುಂಬಿದ ಬಸುರಿ. ಅಜ್ಜಿ ನಾಗಮಂಗಲದ ಕಡೆಯ ಹಳ್ಳಿಯಿಂದ ಬಾಣಂತನಕ್ಕೆಂದು ಬಂದಿದ್ದಳು. ಅವಳ ಸೀಮೆಯಲ್ಲಿ ಹಳಿಯೇ ಇಲ್ಲ. ಗಾಡಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಹೊಗೆಬಂಡಿಗೆ ಕೈ ಮುಗಿಯುತ್ತಿದ್ದಳು. ಮೂರು ದಿನ ಬಿಡದೆ ಸುರಿದ ಮಳೆಗೆ ಮಾಡು ಸೋರಿ ಸೌದೆ ನೆಂದಿತು. ಕಬ್ಬಿನ ಸೋಗೆ ನೆಂದಿತು. ಸಗಣಿ ಬೆರಣಿಯೂ ನೆಂದಿತು. ಕಲ್ಲಿದ್ದಲಿನ ಚೂರು ಒಂದೂ ಇರಲಿಲ್ಲ. ಕಪಾಳದ ಏಟು ತಿಂದ ಮೇಲೆ ನಾನು ಆರಿಸುವುದನ್ನೇ ಬಿಟ್ಟಿದ್ದೆ.

ನಡುರಾತ್ರಿ ದಾಟಿದ ಮೇಲೆ ಮಗು ಅತ್ತಿತು. ಸೂಲಗಿತ್ತಿ ಬಿಸಿನೀರು ಕೇಳಿದಳು. ಅಜ್ಜಿ ಒಲೆ ಊದಿದಳು. ಹೊಗೆ ಬಂತು, ಉರಿ ಬರಲಿಲ್ಲ. ಸೀಮೆಎಣ್ಣೆ ಲಾಂದ್ರದಲ್ಲಿ ಇದ್ದಷ್ಟೇ. ನಾನು ಹೊರಜಗುಲಿಯಲ್ಲಿ ಕಂಬಳಿಯೊಳಗೆ ಎಚ್ಚರವಾಗಿದ್ದೆ. ಮಂಡ್ಯದ ಕಡೆಯಿಂದ ಗೂಡ್ಸು ಬರುವ ಸದ್ದು ಕೇಳಿತು. ವೈಜಿ. ದೂರದಲ್ಲಿ ನಿಂತಿತು. ಉದ್ದಕ್ಕೆ ಒಂದು ಕೂಗು. ಮತ್ತೆ ಮೆಲ್ಲಗೆ, ತೆವಳಿದ ಹಾಗೆ, ಗೇಟಿನ ತನಕ ಬಂದು ನಿಂತಿತು. ಅಪ್ಪ ಕೈದೀಪ ಹಿಡಿದು ಮಳೆಯಲ್ಲಿ ನಿಂತಿದ್ದ. ಅವನ ಕಾಲ ಬಳಿ ಎರಡು ತಾಮ್ರದ ಕೊಡ.

ಆಮೇಲಿನದು ನನಗೆ ಚಿತ್ರದ ಹಾಗೆ ನೆನಪಿದೆ. ಒಲೆಯ ಬಾಗಿಲು ತೆರೆದಿತ್ತು. ಮಳೆಹನಿಯೆಲ್ಲ ಕೆಂಪಾಗಿ ಕಂಡವು. ಕೆಂಪು ವಸ್ತ್ರದ ಫೈರ್‌ಮನ್ ಬಗ್ಗಿ ಕೊಡ ಇಸಿದುಕೊಂಡ. ಹಬೆ ಬುಸ್ಸೆಂದು ಎಲ್ಲವನ್ನೂ ಮುಚ್ಚಿತು. ಹಬೆ ತಿಳಿಯಾದಾಗ ಅಪ್ಪ ಎರಡೂ ಕೈಯಲ್ಲಿ ಹೊಗೆಯಾಡುವ ಕೊಡ ಹಿಡಿದು ಬಾಗಿಲಿಗೆ ಬರುತ್ತಿದ್ದ. ಗಾಡಿ ಹೊರಟಿತು. ಒಳಗೆ ಹರಳೆಣ್ಣೆ, ಸಾಮ್ರಾಣಿ, ಕಬ್ಬಿಣದ ವಾಸನೆ ಬೆರೆತ ಬಿಸಿನೀರಿನ ಗಮಲು. ತಂಗಿಯ ಅಳು ನಿಂತಿತು.

“ಮೇಲುಕೋಟೆ ಚೆಲುವರಾಯ ಗಾಡಿ ನಿಲ್ಸುಬುಟ್ಟ” ಅಂದಳು ಅಜ್ಜಿ. ಮುಂದೆ ಯಾವುದೋ ಸ್ಟೇಷನ್ನಿನಲ್ಲಿ ದಾರಿ ಸಿಗದೆ ಗಾಡಿ ನಮ್ಮ ಮನೆ ಮುಂದೆಯೇ ನಿಂತದ್ದು ದೇವರ ಕೃಪೆ ಎಂದು ಕಥೆ ಬೆಳೆಯಿತು. ತಂಗಿಯ ನಾಮಕರಣಕ್ಕೆ ಮೇಲುಕೋಟೆಗೇ ಹೋದೆವು. ಅಪ್ಪ ಆ ಕಥೆ ಬಂದಾಗಲೆಲ್ಲ ಎದ್ದು ಗೇಟಿನ ಕಡೆ ಹೋಗುತ್ತಿದ್ದ.

*

ಯಾರ್ಕಿನ ಆ ಹಜಾರದಲ್ಲಿ ಒಂದು ಇಂಜಿನ್ನನ್ನು ಉದ್ದಕ್ಕೆ ಸೀಳಿ ನಿಲ್ಲಿಸಿದ್ದಾರೆ. ಹೆಸರು ‘ಎಲ್ಲರ್‌ಮನ್ ಲೈನ್ಸ್’, 1949ರದು. ಒಲೆ, ಬಾಯ್ಲರಿನೊಳಗೆ ಸಾಲುಸಾಲು ಕೊಳವೆ, ಹಬೆ ಹೋಗುವ ದಾರಿ, ಎಲ್ಲಕ್ಕೂ ಬೇರೆಬೇರೆ ಬಣ್ಣ ಬಳಿದಿದ್ದಾರೆ. ಉರಿ ಆ ಕೊಳವೆಗಳೊಳಗೆ ನುಗ್ಗಿ, ಸುತ್ತಲಿನ ನೀರನ್ನು ಕುದಿಸಿ, ಹಬೆ ಕೊಂತವನ್ನು ತಳ್ಳುವುದನ್ನು ಕಪ್ಪುಹಲಗೆಯ ಮೇಲೆ ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸೀಳಿದ ಹೊಟ್ಟೆಯನ್ನು ನೋಡಿದಾಗ ಆ ಪಾಠದಲ್ಲಿ ನಾನು ಯಾವತ್ತೂ ಸಲಿಕೆ ಹಿಡಿದವನನ್ನು ಬರೆಯಲಿಲ್ಲ ಎಂಬುದು ನಾಟಿತು. ಒಲೆಯ ಬಾಯಿ ಎಷ್ಟು ಚಿಕ್ಕದು, ಅದರ ಆಳ ಎಷ್ಟು! ಓಡುವ ಗಾಡಿಯಲ್ಲಿ ನಿಂತು, ಆ ಬಾಯೊಳಗೆ, ಮೂಲೆಮೂಲೆಗೂ ಸಮನಾಗಿ ಕಲ್ಲಿದ್ದಲು ಎಸೆಯಬೇಕು.

ಅಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮುದುಕರೊಬ್ಬರು ಬಂದವರಿಗೆಲ್ಲ ವಿವರಿಸುತ್ತಿದ್ದರು. ಹುಡುಗನಾಗಿದ್ದಾಗ ಫೈರ್‌ಮನ್ ಆಗಿದ್ದರಂತೆ. ಈಗ ಸಂಬಳವಿಲ್ಲದೆ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ತಂಗಿ ನೇರ ಅವರ ಹತ್ತಿರವೇ ಹೋಗಿ ಕೇಳಿದಳು, ಇಂಜಿನ್ನಿನಿಂದ ಒಂದು ಕೊಡ ಬಿಸಿನೀರು ಹಿಡಿಯಲು ಆಗುತ್ತಿತ್ತೇ ಎಂದು.

ಅವರ ಮುಖ ಅರಳಿತು. ಡ್ರೈವರ್ ನಿಲ್ಲುವ ಜಾಗದಲ್ಲಿ ಒಂದು ರಬ್ಬರಿನ ಪೈಪು ಇರುತ್ತಿತ್ತು ಎಂದರು. ಕಲ್ಲಿದ್ದಲಿನ ಧೂಳು ಏಳದಂತೆ ನೀರು ಹೊಡೆಯಲು ಅದು. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರಿನಲ್ಲಿ ಟೆಂಡರಿನ ತಣ್ಣೀರಿಗೆ ಹಬೆ ಬೆರೆತು ಬಿಸಿಯಾಗುತ್ತದೆ. ಅದೇ ನೀರು ಆ ಪೈಪಿಗೂ ಬರುತ್ತದೆ. ಕೆಲಸ ಮುಗಿದ ಮೇಲೆ ಅವರು ಬಕೆಟಿಗೆ ಹಿಡಿದು ಕೈಮುಖ ತೊಳೆಯುತ್ತಿದ್ದುದು ಅದರಲ್ಲೇ. ಸಲಿಕೆಯನ್ನು ತೊಳೆದು ಒಲೆಯ ಬಾಯಿಗೆ ಹಿಡಿದು ಮೊಟ್ಟೆ ಕರಿಯುತ್ತಿದ್ದುದೂ ಉಂಟು. ತಂಗಿ ತನ್ನ ಕಥೆ ಹೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಬಲಗೈ ತೋಳು ಮೇಲೆ ಸರಿಸಿ ತೋರಿಸಿದರು. ಮೊಣಕೈಯಿಂದ ಮುಂಗೈವರೆಗೆ ಬೆಳ್ಳಗಾದ ಹಳೆಯ ಸುಟ್ಟ ಕಲೆಗಳು. ಏಳು ಸಮುದ್ರದಾಚೆ ಅದೇ ಜಾಗದಲ್ಲಿ ಅದೇ ಕಲೆ. ನಾನು ಅವರ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು.

*

ನಮ್ಮ ಕಡೆ ಹಬೆ ಇಂಜಿನ್ನು ಒಂದೇ ಸಲ ಹೋಗಲಿಲ್ಲ. ಭಾರತದಲ್ಲಿ ಅವುಗಳ ತಯಾರಿ 1972ಕ್ಕೆ ನಿಂತಿತ್ತು. ಇದ್ದವು ಓಡುತ್ತಿದ್ದವು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಡೀಸೆಲ್ಲಿನದೇ ರಾಜ್ಯ. 1990ರ ದಶಕದ ಆರಂಭದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಆಮೇಲೆ ಜೋಡಿ ಹಳಿ, ವಿದ್ಯುತ್ ತಂತಿ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂದಾಗ ಅದನ್ನು ಕೆಡವದೆ, 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನೇ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅದೇ ವರ್ಷ ಬೆಂಗಳೂರು–ಹಾಸನ ಮಾರ್ಗ ಪೂರ್ಣವಾಗಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರಕ್ಕೆ ಗಾಡಿ ಬಂತು. ಅಜ್ಜಿ ಕೈ ಮುಗಿಯುತ್ತಿದ್ದ ಹೊಗೆಬಂಡಿ ಅವಳ ಸೀಮೆಯನ್ನು ಕೊನೆಗೂ ಮುಟ್ಟಲಿಲ್ಲ. ಹೊಗೆಯಿಲ್ಲದ ಗಾಡಿ ಮುಟ್ಟುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ನಮ್ಮ ಗೇಟೂ ಹೋಯಿತು. ಹಳಿಯ ಕೆಳಗೆ ರಸ್ತೆ ಮಾಡಿದ್ದಾರೆ. ಗೇಟು ತೆಗೆದದ್ದು ಒಳ್ಳೆಯದೇ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಕಂಬಿ ಕೆಳಗೆ ನುಸುಳಿ ದಾಟಲು ಹೋಗಿ ಗಾಡಿಗೆ ಸಿಕ್ಕವರನ್ನು ನಾನು ನೋಡಿದ್ದೇನೆ. ಇರುಳೆಲ್ಲ ಎಚ್ಚರವಿದ್ದು ಬೆಳಗಿನ ಜಾವ ಅಪ್ಪನ ಕೈ ನಡುಗುತ್ತಿದ್ದುದನ್ನೂ ನೋಡಿದ್ದೇನೆ. ಯಾರ ಮಗನಿಗೂ ಆ ಕೆಲಸ ಬೇಡ. ಕಲ್ಲಿದ್ದಲಿನ ಕೆಮ್ಮು ಯಾರಿಗೂ ಬೇಡ.

ಹಾಗಿದ್ದರೂ ಒಂದು ಮಾತು ಹೇಳದಿರಲಾರೆ. ಹಬೆ ಇಂಜಿನ್ನು ಎಲ್ಲ ಕಡೆಯಿಂದಲೂ ಸೋರುವ ಯಂತ್ರ. ನೀರು ಕುಡಿಯಲು ನಿಲ್ಲಬೇಕು, ಬೂದಿ ಚೆಲ್ಲಲು ನಿಲ್ಲಬೇಕು. ಹಬೆ, ಕಿಡಿ, ಇದ್ದಿಲು, ಬಿಸಿನೀರು, ಏನಾದರೊಂದು ಅದರಿಂದ ಹೊರಕ್ಕೆ ಬೀಳುತ್ತಲೇ ಇರುತ್ತಿತ್ತು. ಹಳಿ ಪಕ್ಕದವರು ಆ ಸೋರಿಕೆಯಲ್ಲಿ ಬದುಕಿದೆವು. ಅದರಿಂದ ಮೆದೆ ಸುಟ್ಟಿತು, ಅದರಿಂದ ಅನ್ನವೂ ಬೆಂದಿತು. ಈಗಿನ ಗಾಡಿ ಗಾಜು ಮುಚ್ಚಿಕೊಂಡು ಗಾಳಿಯ ಹಾಗೆ ಹೋಗುತ್ತದೆ. ನಮ್ಮಿಂದ ಅದಕ್ಕೆ ಏನೂ ಬೇಕಿಲ್ಲ, ಅದರಿಂದ ನಮಗೆ ಏನೂ ಬೀಳುವುದಿಲ್ಲ. ಮ್ಯೂಸಿಯಂ ಉಳಿಸಿಕೊಳ್ಳುವುದು ಯಂತ್ರವನ್ನು. 1979ರಲ್ಲಿ ಶುರುವಾದ ಮೈಸೂರಿನ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಮ್ಮಿಗೆ ಶಾಲೆಯಿಂದ ನಮ್ಮನ್ನು ಕರೆದೊಯ್ದಿದ್ದರು. 1899ರ ಮಹಾರಾಣಿಯವರ ಸಲೂನ್ ಬೋಗಿಯಲ್ಲಿ ಅಡುಗೆಮನೆ, ಊಟದ ಮನೆ ನೋಡಿ ಹುಡುಗರೆಲ್ಲ ಬೆರಗಾದರು. ನಾನು ಹೊರಗೆ ನಿಂತಿದ್ದ ಇಂಜಿನ್ನಿನ ಹತ್ತಿರ ಹೋಗಿ ಮುಟ್ಟಿದೆ. ಅದೂ ತಣ್ಣಗಿತ್ತು. ಅವತ್ತು ನನಗೆ ಯಾಕೋ ಅಳು ಬಂದಿತ್ತು. ಕಾರಣ ಯಾರ್ಕಿನಲ್ಲಿ ತಿಳಿಯಿತು. ನಮಗೆ ಸಿಕ್ಕಿದ್ದು ಇಂಜಿನ್ನಿನ ಕಾವು ಮಾತ್ರ. ಅದನ್ನು ಯಾರೂ ಎತ್ತಿಡಲಾರರು.

*

ಊರಿಗೆ ಬಂದ ಮಾರನೇ ದಿನ ಅವ್ವನ ಮುಂದೆ ಕೂತು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಎಂಬತ್ತರ ಹತ್ತಿರದ ಕಣ್ಣು. ನೀಲಿ ಇಂಜಿನ್ನು ಅವಳಿಗೆ ಹಿಡಿಸಲಿಲ್ಲ. “ಬಣ್ಣ ಹಚ್ಚಿ ಮದ್ಲಿಂಗನ್ನ ಮಾಡವ್ರೆ” ಅಂದಳು. ಸೀಳಿದ ಇಂಜಿನ್ನನ್ನು ಮಾತ್ರ ಹತ್ತಿರ ಹಿಡಿದು ನೋಡಿದಳು. ನಾನು ಪೈಪಿನ ವಿಷಯ ಹೇಳಿದೆ. ಆ ರಾತ್ರಿಯ ನೀರು ಎಲ್ಲಿಂದ ಬಂತು ಎಂದು ಗೊತ್ತಾಯಿತು, ಚೆಲುವರಾಯ ಸರಿಯಾದ ಹೊತ್ತಿಗೆ ಗಾಡಿ ನಿಲ್ಲಿಸಿದ ಅಂದೆ.

ಅವ್ವ ಮೊಬೈಲು ಕೆಳಗಿಟ್ಟಳು.

“ಚೆಲುವರಾಯ ಯಾವತ್ಲಾ ಕೈಮರ ಹಿಡ್ದವ್ನೆ? ನಿಮ್ಮಪ್ಪ ಕಣ್ಲಾ ನಿಲ್ಸಿದ್ದು.”

ನಾನು ಸುಮ್ಮನೆ ಕೂತೆ.

“ಮಗ ನಡುಗ್ತಿತ್ತು. ನಿಮ್ಮಜ್ಜಿ ಊದಿ ಊದಿ ಸಾಕಾಗಿ ಕುಂತ್ಲು. ನಿಮ್ಮಪ್ಪ ಬಾಗ್ಲಲ್ಲಿ ನಿಂತು ವಸಿ ಹೊತ್ತು ನೋಡ್ದ. ಕೊಡ ಎತ್ಕೊಂಡು ಹೋದ. ಕೈಮರ ಇಳಿಸ್ನೇ ಇಲ್ಲ.”

“ಬುಕ್ಕಲ್ಲಿ ಏನ್ ಬರ್ದ ಅವ್ವಾ?”

“ಕಬ್ಬಿನ ಗಾಡಿ ಕಡಾಣಿ ಕಳಚ್ಕೊಂಡು ಹಳಿ ಮೇಲೆ ನಿಂತಿತ್ತು ಅಂತ ಬರ್ದನಂತೆ. ಬರ್ದ್ಬುಟ್ಟು ಬೆಳಗಾನ ಅಂಗೇ ಕುಂತಿದ್ದ. ಪಿಂಚಣಿ ಬರೋಗಂಟ ಯಾರ್ಗೂ ಹೇಳ್ಬ್ಯಾಡ ಅಂದ. ಆಮೇಲೆ ನೀವ್ ಯಾರೂ ಕೇಳ್ಲಿಲ್ಲ.”

ಅಪ್ಪ ತೀರಿಕೊಂಡದ್ದು 2009ರಲ್ಲಿ. ನಾನು ಗೋಡೆಗೆ ಒರಗಿ ಆ ರಾತ್ರಿಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಗಾಡಿ ದೂರದಲ್ಲಿ ನಿಂತಿತು. ಒಂದು ಕೂಗು. ಮತ್ತೆ ಮೆಲ್ಲಗೆ ತೆವಳುತ್ತ ಗೇಟಿನ ತನಕ ಬಂತು. ರಾತ್ರಿಯಾದರೆ ಎರಡು ನಿಮಿಷ. ಮಗ್ಗಿಗಿಂತ ಮೊದಲು ಕಲಿತ ಪಾಠ. ಮುಂದಿನ ಸ್ಟೇಷನ್ನಿನಲ್ಲಿ ದಾರಿ ಇಲ್ಲದೆ ನಿಂತಿದ್ದರೆ ಅದು ನಮ್ಮ ಬಾಗಿಲಿಗೆ ಯಾಕೆ ಬರುತ್ತಿತ್ತು? ಎಲ್ಲವನ್ನೂ ಕಿವಿಯಾರೆ ಕೇಳಿದ್ದೆ. ನಲವತ್ತಮೂರು ವರ್ಷ ಕೂಡಿಸಿ ನೋಡಲಿಲ್ಲ. ಕಪಾಳದ ಏಟಿನ ಲೆಕ್ಕ ಮಾತ್ರ ಇಟ್ಟುಕೊಂಡಿದ್ದೆ.

ರಾತ್ರಿ ಲೀಡ್ಸಿಗೆ ಫೋನು ಮಾಡಿ ತಂಗಿಗೆ ಹೇಳಿದೆ. ಆ ಕಡೆ ತುಂಬ ಹೊತ್ತು ಸದ್ದಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ.

“ಎಷ್ಟೊತ್ತು ನಿಂತಿತ್ತಂತೆ ಅಣ್ಣಾ ಗಾಡಿ?” ಅಂದಳು.

“ಎರಡು ಕೊಡ ತುಂಬೋವಷ್ಟು ಹೊತ್ತು ಕಣವ್ವ.”